ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್: ಮೊದಲ ಬಾರಿ ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ನಂಬಲರ್ಹ ಸಿಸ್ಟಂ ಮಾತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಕೇಳುತ್ತದೆ, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದ್ದಾದರೂ ಇರಬೇಕು ಎನ್ನುತ್ತದೆ. ಹೀಗಾಗಿ ಕೀಬೋರ್ಡು, ಸ್ಕ್ರೀನು, ಮದರ್‌ಬೋರ್ಡು ಎಲ್ಲ ನೆಟ್ಟಗಿರುವ ಎಷ್ಟೋ ಕಂಪ್ಯೂಟರ್‌ಗಳು ಮೂಲೆ ಸೇರಿವೆ. ಇವುಗಳಲ್ಲಿ ಹೆಚ್ಚಿನವು ಇನ್ನೂ ಕೆಲವು ವರ್ಷ ಚೆನ್ನಾಗಿಯೇ ದುಡಿಯಬಲ್ಲವು. ಬೇಕಿರುವುದು ಅವುಗಳ ಶಕ್ತಿಗೆ ಹೊಂದುವ, ಭದ್ರತಾ ಅಪ್‌ಡೇಟ್ ಸಿಗುತ್ತಲೇ ಇರುವ ಒಂದು ಆಪರೇಟಿಂಗ್ ಸಿಸ್ಟಂ. ಲಿನಕ್ಸ್ ಅದನ್ನು ಕೊಡುತ್ತದೆ, ಅದೂ ದುಡ್ಡಿಲ್ಲದೆ.

ಲಿನಕ್ಸ್ ಇನ್‌ಸ್ಟಾಲ್ ಮಾಡುವುದು ಕಷ್ಟ ಎಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ಆದರೆ ನಿಜವಾದ ಇನ್‌ಸ್ಟಾಲ್ ಎಂದರೆ ಐದಾರು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕಾಯುವುದು, ಅಷ್ಟೇ. ಜನ ಸಿಕ್ಕಿಬೀಳುವುದು ಅದಕ್ಕಿಂತ ಮುಂಚೆ: ಯಂತ್ರದಲ್ಲಿ ಏನಿದೆ ಎಂದು ನೋಡದೆ ಯಾವುದೋ ಆವೃತ್ತಿ ಇಳಿಸಿಕೊಳ್ಳುತ್ತಾರೆ, ಬ್ಯಾಕಪ್ ತೆಗೆಯದೆ ಶುರುಮಾಡುತ್ತಾರೆ, ಸಾಯುತ್ತಿರುವ ಹಾರ್ಡ್‌ಡಿಸ್ಕ್ ಮೇಲೆ ಹೊಸ ಸಿಸ್ಟಂ ಕೂರಿಸುತ್ತಾರೆ. ಆದ್ದರಿಂದ ಈ ಬರಹದ ಹೆಚ್ಚಿನ ಪಾಲು ತಯಾರಿಗೇ ಮೀಸಲು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೆಲಸ ಲಿನಕ್ಸ್‌ಗೆ ಸಿಗದ ಯಾವುದಾದರೂ ಸಾಫ್ಟ್‌ವೇರ್ ಮೇಲೆ ನಿಂತಿದ್ದರೆ, ಉದಾಹರಣೆಗೆ ಫೋಟೋಶಾಪ್, ಮೈಕ್ರೋಸಾಫ್ಟ್ ಆಫೀಸ್‌ನ ಮ್ಯಾಕ್ರೋಗಳು, ಲೆಕ್ಕಪತ್ರದ ಯಾವುದೋ ಪ್ರೋಗ್ರಾಂ, ಅದಕ್ಕೆ ಬದಲಿ ಏನು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ವೈನ್ ಎಂಬ ಸಲಕರಣೆಯಿಂದ ಕೆಲವು ವಿಂಡೋಸ್ ಪ್ರೋಗ್ರಾಂಗಳು ಲಿನಕ್ಸ್‌ನಲ್ಲೂ ಓಡುತ್ತವೆ, ಆದರೆ ಹೊಟ್ಟೆಪಾಡಿನ ಕೆಲಸವನ್ನು ಅದರ ಭರವಸೆಯ ಮೇಲೆ ಬಿಡಬೇಡಿ. ಬ್ರೌಸಿಂಗ್, ಇಮೇಲ್, ಬರವಣಿಗೆ, ಸಿನಿಮಾ, ಮಕ್ಕಳ ಓದು, ಪ್ರೋಗ್ರಾಮಿಂಗ್ ಕಲಿಕೆ ಇಷ್ಟಿದ್ದರೆ ಧೈರ್ಯವಾಗಿ ಮುಂದುವರಿಯಿರಿ.

ಹಂತ 1: ಯಂತ್ರದಲ್ಲಿ ಏನಿದೆ ಎಂದು ನೋಡಿ

ಈಗಿರುವ ವಿಂಡೋಸ್‌ನಲ್ಲೇ ಸೆಟ್ಟಿಂಗ್ಸ್ ತೆರೆದು ಸಿಸ್ಟಂ, ಅದರ ಕೆಳಗೆ ಅಬೌಟ್ ಎಂಬಲ್ಲಿಗೆ ಹೋಗಿ. ಅಲ್ಲಿ ಪ್ರೊಸೆಸರ್ ಹೆಸರು, ರ್ಯಾಮ್ ಎಷ್ಟು, ಸಿಸ್ಟಂ ಟೈಪ್ ಯಾವುದು ಎಂಬ ಮೂರು ಸಾಲು ಕಾಣುತ್ತವೆ. ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಸಿಸ್ಟಂ ಟೈಪ್ ಸಾಲನ್ನು ಪೂರ್ತಿ ಓದಬೇಕು, ಏಕೆಂದರೆ ಅದರಲ್ಲಿ ಎರಡು ಸಂಗತಿಗಳಿರುತ್ತವೆ. ಮೊದಲರ್ಧ ಈಗ ಹಾಕಿರುವ ವಿಂಡೋಸ್ 32-ಬಿಟ್‌ನದೋ 64-ಬಿಟ್‌ನದೋ ಎಂದು ಹೇಳುತ್ತದೆ. ದ್ವಿತೀಯಾರ್ಧ ಪ್ರೊಸೆಸರ್ ಎಂಥದು ಎಂದು ಹೇಳುತ್ತದೆ. '32-ಬಿಟ್ ಆಪರೇಟಿಂಗ್ ಸಿಸ್ಟಂ, ಎಕ್ಸ್64 ಪ್ರೊಸೆಸರ್' ಎಂದಿದ್ದರೆ ಯಂತ್ರ 64-ಬಿಟ್‌ನದೇ, ಯಾರೋ 32-ಬಿಟ್ ವಿಂಡೋಸ್ ಹಾಕಿಕೊಟ್ಟಿದ್ದಾರೆ ಅಷ್ಟೇ. ಇಂಥ ಯಂತ್ರಗಳಿಗೆ 64-ಬಿಟ್ ಲಿನಕ್ಸ್ ಸಲೀಸಾಗಿ ಹಾಕಬಹುದು. 2006ರಲ್ಲಿ ಬಂದ ಇಂಟೆಲ್ ಕೋರ್ 2 ಡ್ಯುಯೊ ಕೂಡ 64-ಬಿಟ್ ಪ್ರೊಸೆಸರೇ. ಅದಕ್ಕಿಂತ ಹಿಂದಿನ ಪೆಂಟಿಯಂಗಳು, ಮೊದಮೊದಲ ನೆಟ್‌ಬುಕ್‌ಗಳ ಆಟಂ ಪ್ರೊಸೆಸರ್‌ಗಳು ಇದ್ದರೆ ಮಾತ್ರ 32-ಬಿಟ್ ಸಮಸ್ಯೆ ಎದುರಾಗುವ ಸಾಧ್ಯತೆ ಹೆಚ್ಚು.

ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಂ ಇನ್ಫರ್ಮೇಶನ್ ಎಂದು ಹುಡುಕಿ ತೆರೆಯಿರಿ. ಬಯಾಸ್ ಎಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್. ಅಲ್ಲಿ 'ಬಯಾಸ್ ಮೋಡ್' ಎಂಬ ಸಾಲಿರುತ್ತದೆ: ಲೆಗಸಿ (ಹಳೆಯ ಬಗೆ) ಅಥವಾ ಯುಇಎಫ್ಐ (ಹೊಸ ಬಗೆ). ಇದನ್ನೂ ಬರೆದುಕೊಳ್ಳಿ. ಇನ್‌ಸ್ಟಾಲ್ ಆದಮೇಲೆ ಕಂಪ್ಯೂಟರ್ ಬೂಟ್ ಆಗುತ್ತಿಲ್ಲ, ಅಂದರೆ ಶುರುವಾಗುತ್ತಿಲ್ಲ ಎಂಬ ದೂರುಗಳಲ್ಲಿ ಬಹಳಷ್ಟು ಈ ಒಂದು ಸಾಲಿನಿಂದ ಬಗೆಹರಿಯುತ್ತವೆ.

ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗುತ್ತಿದೆಯೇ? ಹಾಗಿದ್ದರೆ ಮದರ್‌ಬೋರ್ಡ್ ಮೇಲಿರುವ ನಾಣ್ಯದಾಕಾರದ ಬ್ಯಾಟರಿ ಸತ್ತಿದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032. ಇದನ್ನು ಸಣ್ಣ ವಿಷಯ ಎಂದು ಬಿಡಬೇಡಿ. ತಾರೀಖು ತಪ್ಪಿದ್ದರೆ ಬ್ರೌಸರ್ ಎಲ್ಲ ವೆಬ್‌ಸೈಟ್‌ಗಳನ್ನೂ 'ಸುರಕ್ಷಿತವಲ್ಲ' ಎಂದು ತಡೆಯುತ್ತದೆ, ಅಪ್‌ಡೇಟ್‌ಗಳೂ ಕೈಕೊಡುತ್ತವೆ. ತಪ್ಪು ಲಿನಕ್ಸ್‌ನದು ಎಂದುಕೊಂಡು ದಿನವಿಡೀ ತಲೆಕೆಡಿಸಿಕೊಳ್ಳುವ ಬದಲು ಬ್ಯಾಟರಿ ಬದಲಾಯಿಸಿಬಿಡಿ.

ಹಂತ 2: ಹಾರ್ಡ್‌ಡಿಸ್ಕ್ ಆರೋಗ್ಯ ಪರೀಕ್ಷಿಸಿ

ಹಳೆಯ ಕಂಪ್ಯೂಟರ್ ನಿಧಾನವಾಗಲು ಮೊದಲ ಕಾರಣ ಸಾಮಾನ್ಯವಾಗಿ ತಿರುಗುವ ಹಾರ್ಡ್‌ಡಿಸ್ಕು. ಅದು ಕೆಟ್ಟುಹೋಗುವ ಹಂತದಲ್ಲಿದ್ದರೆ ಯಾವ ಆಪರೇಟಿಂಗ್ ಸಿಸ್ಟಂ ಹಾಕಿದರೂ ಅಷ್ಟೇ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂ ಹಾಕಿ ತೆರೆದರೆ ಡಿಸ್ಕಿನ ಸ್ಥಿತಿ ಬಣ್ಣದಲ್ಲೇ ಗೊತ್ತಾಗುತ್ತದೆ: ನೀಲಿಯಿದ್ದರೆ ಕ್ಷೇಮ, ಹಳದಿಯಿದ್ದರೆ ಎಚ್ಚರ, ಕೆಂಪಿದ್ದರೆ ಇಂದೇ ಫೈಲ್‌ಗಳನ್ನು ಬೇರೆಡೆ ಸಾಗಿಸಿ. ಪಟ್ಟಿಯಲ್ಲಿ 'ರೀಅಲೊಕೇಟೆಡ್ ಸೆಕ್ಟರ್ಸ್ ಕೌಂಟ್' ಮತ್ತು 'ಕರೆಂಟ್ ಪೆಂಡಿಂಗ್ ಸೆಕ್ಟರ್ ಕೌಂಟ್' ಎಂಬ ಎರಡು ಸಾಲುಗಳನ್ನು ವಿಶೇಷವಾಗಿ ನೋಡಿ. ಮೊದಲನೆಯದು ಈಗಾಗಲೇ ಕೆಟ್ಟು ಬದಲಾಯಿಸಲ್ಪಟ್ಟ ಜಾಗಗಳ ಲೆಕ್ಕ. ಎರಡನೆಯದು ಓದಲು ತೊಡಕಾಗಿ ತೀರ್ಮಾನಕ್ಕೆ ಕಾದಿರುವ ಜಾಗಗಳ ಲೆಕ್ಕ. ಎರಡೂ ಸೊನ್ನೆ ಇರಬೇಕು. ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ನಂಬಬೇಡಿ.

ಹಳೆಯ ಕಂಪ್ಯೂಟರ್ ಮೇಲೆ ಒಂದೇ ಒಂದು ಖರ್ಚು ಮಾಡುವುದಿದ್ದರೆ ನನ್ನ ಮತ 2.5 ಇಂಚಿನ ಸಾಟಾ ಎಸ್‌ಎಸ್‌ಡಿಗೆ, ಅಂದರೆ ತಿರುಗುವ ಭಾಗವಿಲ್ಲದ ಡಿಸ್ಕ್‌ಗೆ. ಹೊಸ ಪ್ರೊಸೆಸರ್ ಕೊಡದ ವೇಗವನ್ನು ಅದು ಕೊಡುತ್ತದೆ. 120 ಜಿಬಿಯಷ್ಟು ಚಿಕ್ಕದಾದರೂ ಸಾಕು. ಇದರಲ್ಲಿ ಇನ್ನೊಂದು ಅನುಕೂಲವಿದೆ: ಹಳೆಯ ಡಿಸ್ಕನ್ನು ಬಿಚ್ಚಿ ಹಾಗೇ ಎತ್ತಿಟ್ಟರೆ ನಿಮ್ಮ ವಿಂಡೋಸ್, ನಿಮ್ಮ ಫೈಲ್‌ಗಳು ಎಲ್ಲ ಅದರಲ್ಲಿ ಇದ್ದ ಹಾಗೇ ಇರುತ್ತವೆ. ಲಿನಕ್ಸ್ ಹಿಡಿಸದಿದ್ದರೆ ಅದನ್ನೇ ವಾಪಸ್ ಜೋಡಿಸಬಹುದು. ಹೊಸಬರಿಗೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ. ಎರಡನೇ ಖರ್ಚಿಗೆ ಅವಕಾಶವಿದ್ದರೆ ರ್ಯಾಮ್. 2 ಜಿಬಿಯಿಂದ 4ಕ್ಕೆ, 4ರಿಂದ 8ಕ್ಕೆ ಏರಿಸಿದ್ದು ಬ್ರೌಸರ್ ತೆರೆದ ತಕ್ಷಣ ಗೊತ್ತಾಗುತ್ತದೆ. ಕೊಳ್ಳುವ ಮುಂಚೆ ನಿಮ್ಮ ಮದರ್‌ಬೋರ್ಡಿಗೆ ಹೊಂದುವುದು ಡಿಡಿಆರ್2, ಡಿಡಿಆರ್3, ಡಿಡಿಆರ್4 ಇವುಗಳಲ್ಲಿ ಯಾವುದು ಎಂದು ಖಚಿತಪಡಿಸಿಕೊಳ್ಳಿ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಹಂತ 3: ಯಾವ ಲಿನಕ್ಸ್?

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಲಿನಕ್ಸ್ ಎಂಬುದು ಕರ್ನೆಲ್ ಮಾತ್ರ, ಅಂದರೆ ಯಂತ್ರದ ಭಾಗಗಳನ್ನು ನಡೆಸುವ ಒಳತಿರುಳು. ಅದರ ಸುತ್ತ ಡೆಸ್ಕ್‌ಟಾಪ್, ಪ್ರೋಗ್ರಾಂಗಳು, ಅಪ್‌ಡೇಟ್ ವ್ಯವಸ್ಥೆ ಎಲ್ಲ ಸೇರಿಸಿ ಬೇರೆಬೇರೆ ತಂಡಗಳು ಕೊಡುವ ಪೂರ್ಣ ಸಿಸ್ಟಮ್ಮೇ ಡಿಸ್ಟ್ರೊ. ಇಂಥವು ನೂರಾರಿವೆ. ಹೊಸಬರು ಇಲ್ಲೇ ಕಳೆದುಹೋಗುತ್ತಾರೆ, ವಾರಗಟ್ಟಲೆ ಹೋಲಿಕೆ ವಿಡಿಯೋ ನೋಡುತ್ತಾ ಕೂರುತ್ತಾರೆ. ಅದು ಬೇಡ.

64-ಬಿಟ್ ಪ್ರೊಸೆಸರ್, 4 ಜಿಬಿ ಅಥವಾ ಹೆಚ್ಚು ರ್ಯಾಮ್ ಇದ್ದರೆ ಲಿನಕ್ಸ್ ಮಿಂಟ್ ಎಂಬ ಡಿಸ್ಟ್ರೊದ ಎಕ್ಸ್‌ಎಫ್‌ಸಿಇ (ಹಗುರ ಡೆಸ್ಕ್‌ಟಾಪ್ ಇರುವ) ಆವೃತ್ತಿ ಹಾಕಿ. ಮಿಂಟ್‌ನವರೇ ಹೇಳುವ ಪ್ರಕಾರ ಕನಿಷ್ಠ 2 ಜಿಬಿ ರ್ಯಾಮ್, 20 ಜಿಬಿ ಡಿಸ್ಕ್ ಬೇಕು. ನೆಮ್ಮದಿಯಿಂದ ಬಳಸಲು 4 ಜಿಬಿ ರ್ಯಾಮ್, 100 ಜಿಬಿ ಡಿಸ್ಕ್. ವಿಂಡೋಸ್ 7 ಬಳಸಿದವರಿಗೆ ಇದರ ಮೆನು, ಕೆಳಗಿನ ಪಟ್ಟಿ, ಫೈಲ್ ತೆರೆಯುವ ಬಗೆ ಎಲ್ಲ ಪರಿಚಿತವಾಗಿಯೇ ಕಾಣುತ್ತದೆ. ಮಿಂಟ್ 22ರ ಸರಣಿ ಉಬುಂಟು ಎಂಬ ಇನ್ನೊಂದು ಡಿಸ್ಟ್ರೊದ 24.04 ಆವೃತ್ತಿಯ ಮೇಲೆ ನಿಂತಿದ್ದು, 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಇದೇ ಮಿಂಟ್‌ನ ಸಿನಮನ್ ಆವೃತ್ತಿ ನೋಡಲು ಇನ್ನೂ ಚೆಂದ, ಆದರೆ ಭಾರ ಜಾಸ್ತಿ. 8 ಜಿಬಿ ರ್ಯಾಮ್ ಮತ್ತು ಎಸ್‌ಎಸ್‌ಡಿ ಇದ್ದರೆ ಅದನ್ನು ಆರಿಸಬಹುದು.

ರ್ಯಾಮ್ 2 ಜಿಬಿ ಮಾತ್ರ ಇದ್ದರೆ ಲುಬುಂಟು ನೋಡಿ. ಅದಕ್ಕೂ ಕಡಿಮೆಯಿದ್ದರೆ, ಅಥವಾ ಪ್ರೊಸೆಸರ್ 32-ಬಿಟ್ ಆಗಿದ್ದರೆ ಆಂಟಿಎಕ್ಸ್ ಅಥವಾ ಪಪ್ಪಿ ಲಿನಕ್ಸ್. ಪಪ್ಪಿಯ ವಿಶೇಷವೆಂದರೆ ಅದು ಪೂರ್ತಿಯಾಗಿ ರ್ಯಾಮ್‌ಗೆ ಏರಿಕೊಂಡು ಓಡುತ್ತದೆ, ಹಾರ್ಡ್‌ಡಿಸ್ಕ್ ಇಲ್ಲದಿದ್ದರೂ ನಡೆಯುತ್ತದೆ. ಆದರೆ 32-ಬಿಟ್ ಯಂತ್ರದ ವಿಷಯದಲ್ಲಿ ಆಸೆ ಮಿತಿಯಲ್ಲಿರಲಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಎಂಬ ಡಿಸ್ಟ್ರೊದಲ್ಲಿ 32-ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ. ಬ್ರೌಸರ್‌ಗಳೂ ಒಂದೊಂದಾಗಿ ಆ ಕಡೆ ಬಾಗಿಲು ಹಾಕುತ್ತಿವೆ. ಅಂಥ ಯಂತ್ರವನ್ನು ಬರೆಯಲು, ಹಾಡು ಕೇಳಲು, ಹಳೆಯ ಆಟ ಆಡಲು ಇಟ್ಟುಕೊಳ್ಳಿ, ಬ್ಯಾಂಕ್ ವ್ಯವಹಾರಕ್ಕೆ ಬೇಡ.

ಮುಂದಿನ ಹಂತಗಳನ್ನು ಮಿಂಟ್ ಎಕ್ಸ್‌ಎಫ್‌ಸಿಇ ಇಟ್ಟುಕೊಂಡೇ ಬರೆದಿದ್ದೇನೆ. ಬೇರೆಯವುಗಳಲ್ಲೂ ಕ್ರಮ ಹೆಚ್ಚುಕಡಿಮೆ ಇದೇ.

ಹಂತ 4: ಬ್ಯಾಕಪ್

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಎಲ್ಲರೂ ನೆನಪಿಟ್ಟು ನಕಲು ಮಾಡುತ್ತಾರೆ. ಮರೆಯುವುದು ಇವನ್ನು: ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಮತ್ತು ಬುಕ್‌ಮಾರ್ಕ್‌ಗಳು, ಔಟ್‌ಲುಕ್ ಒಳಗೇ ಕೂತಿರುವ ಹಳೆಯ ಇಮೇಲ್‌ಗಳು, ಡಿ ಡ್ರೈವ್‌ನಲ್ಲಿ ಎಂದೋ ಹಾಕಿಟ್ಟ ಫೋಟೋಗಳು, ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್‌ಗಳ ಲೈಸೆನ್ಸ್ ಕೀಗಳು. ಡಿ ಡ್ರೈವ್ ಬೇರೆ ಡಿಸ್ಕ್ ಎಂದು ಹಲವರು ತಿಳಿದಿರುತ್ತಾರೆ. ಸಾಮಾನ್ಯವಾಗಿ ಅದು ಅದೇ ಡಿಸ್ಕಿನ ಇನ್ನೊಂದು ಭಾಗ. ಪೂರ್ತಿ ಡಿಸ್ಕ್ ಅಳಿಸಿದರೆ ಅದೂ ಹೋಗುತ್ತದೆ.

ನಕಲು ಮಾಡಿದ ಮೇಲೆ ಹೊರಗಿನ ಡಿಸ್ಕನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ನಾಲ್ಕೈದು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಂತ 5: ಪೆನ್‌ಡ್ರೈವ್ ತಯಾರಿಸಿ

8 ಜಿಬಿಯ ಪೆನ್‌ಡ್ರೈವ್ ಒಂದು ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಾಲಿ ಮಾಡಿಕೊಳ್ಳಿ. ಲಿನಕ್ಸ್ ಮಿಂಟ್‌ನ ಅಧಿಕೃತ ವೆಬ್‌ಸೈಟ್‌ನಿಂದ ಎಕ್ಸ್‌ಎಫ್‌ಸಿಇ ಆವೃತ್ತಿಯ ಐಎಸ್‌ಒ ಫೈಲ್ (ಪೂರ್ತಿ ಸಿಸ್ಟಂ ಅಡಕವಾಗಿರುವ ಒಂದೇ ಫೈಲ್) ಇಳಿಸಿಕೊಳ್ಳಿ. ಬೇರೆ ಯಾವುದೋ ಡೌನ್‌ಲೋಡ್ ತಾಣ, ಯಾರೋ ಫೋನಿನಲ್ಲಿ ಕಳಿಸಿದ ಕೊಂಡಿ ಇವುಗಳಿಂದ ಬೇಡವೇ ಬೇಡ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ಸ್ವಂತ ವೆಬ್‌ಸೈಟ್‌ಗೇ ಕನ್ನ ಹಾಕಿದವರು ಡೌನ್‌ಲೋಡ್ ಕೊಂಡಿಯನ್ನು ತಮ್ಮ ವಿಷಪೂರಿತ ಫೈಲ್‌ಗೆ ತಿರುಗಿಸಿಬಿಟ್ಟಿದ್ದರು. ಆದ್ದರಿಂದಲೇ ಇಳಿಸಿದ ಫೈಲನ್ನು ತಾಳೆ ನೋಡುವುದು ಶಾಸ್ತ್ರಕ್ಕೆ ಮಾಡುವ ಕೆಲಸವಲ್ಲ.

ತಾಳೆ ನೋಡುವುದು ಹೀಗೆ. ಪೆನ್‌ಡ್ರೈವ್‌ಗೆ ಐಎಸ್‌ಒ ಬರೆಯುವ ರೂಫಸ್ ಎಂಬ ಚಿಕ್ಕ ಪ್ರೋಗ್ರಾಂ ಇಳಿಸಿ ತೆರೆಯಿರಿ (ವಿಂಡೋಸ್ 7 ಇದ್ದರೆ ಅದರ 3.22 ಆವೃತ್ತಿ ಬೇಕು, ಹೊಸವು ಅದರಲ್ಲಿ ಓಡುವುದಿಲ್ಲ). 'ಸೆಲೆಕ್ಟ್' ಒತ್ತಿ ಐಎಸ್‌ಒ ಫೈಲ್ ಆರಿಸಿ. ಪಕ್ಕದಲ್ಲೇ ಇರುವ ಸರಿ ಗುರುತಿನ ಚಿಕ್ಕ ಗುಂಡಿ ಒತ್ತಿದರೆ ಕೆಲವು ಉದ್ದನೆಯ ಸಂಖ್ಯೆಗಳು ಬರುತ್ತವೆ. ಅವುಗಳಲ್ಲಿ ಎಸ್‌ಎಚ್‌ಎ256 ಎಂದಿರುವ 64 ಅಕ್ಷರಗಳ ಸಾಲನ್ನು ಮಿಂಟ್‌ನ ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವ ಸಾಲಿನ ಜೊತೆ ಹೋಲಿಸಿ. ಒಂದಕ್ಷರ ಬೇರೆಯಿದ್ದರೂ ಫೈಲ್ ಅಳಿಸಿ ಮತ್ತೆ ಇಳಿಸಿಕೊಳ್ಳಿ. ಹ್ಯಾಕರ್ ಇರಲಿ, ಇಂಟರ್ನೆಟ್ ನಡುವೆ ಕಡಿದು ಫೈಲ್ ಕೆಟ್ಟಿರುವುದೇ ಹೆಚ್ಚು ಸಲ. ಅಂಥ ಫೈಲ್‌ನಿಂದ ಇನ್‌ಸ್ಟಾಲ್ ಮುಕ್ಕಾಲು ಭಾಗಕ್ಕೆ ಬಂದು ನಿಂತುಬಿಡುತ್ತದೆ.

ಸರಿಹೊಂದಿದರೆ ರೂಫಸ್‌ನಲ್ಲಿ ಪೆನ್‌ಡ್ರೈವ್ ಹೆಸರು ಸರಿಯಿದೆಯೇ ಎಂದು ಮತ್ತೊಮ್ಮೆ ನೋಡಿ. ಪಾರ್ಟಿಶನ್ ಸ್ಕೀಮ್ ಎಂಬಲ್ಲಿ ಎಂಬಿಆರ್ ಇರಲಿ. ಹೀಗೆ ಮಾಡಿದ ಪೆನ್‌ಡ್ರೈವ್ ಲೆಗಸಿ, ಯುಇಎಫ್ಐ ಎರಡರಲ್ಲೂ ಬೂಟ್ ಆಗುತ್ತದೆ. ಸ್ಟಾರ್ಟ್ ಒತ್ತಿ, ಐಎಸ್‌ಒ ಮೋಡ್ ಆರಿಸಿ. ಆಮೇಲೆ ಅದು ಬೂಟ್ ಆಗದಿದ್ದರೆ ಡಿಡಿ ಮೋಡ್‌ನಲ್ಲಿ ಇನ್ನೊಮ್ಮೆ ಮಾಡಿ ನೋಡಿ. ಯುಎಸ್‌ಬಿಯಿಂದ ಬೂಟ್ ಆಗಲಾರದಷ್ಟು ಹಳೆಯ ಯಂತ್ರವಾದರೆ ಐಎಸ್‌ಒ ಫೈಲನ್ನು ಡಿವಿಡಿಗೆ ಬರೆದುಕೊಳ್ಳಬಹುದು.

ಹಂತ 6: ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ

ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಯುಎಸ್‌ಬಿ ಜಾಗವೇ ಒಳ್ಳೆಯದು. ಆನ್ ಮಾಡಿದ ಕ್ಷಣದಿಂದಲೇ ಬೂಟ್ ಮೆನುವಿನ ಕೀಯನ್ನು ಒಂದೇ ಸಮನೆ ಒತ್ತುತ್ತಿರಿ. ಡೆಲ್, ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಅಥವಾ ಎಸ್ಕೇಪ್, ಏಸಸ್‌ನಲ್ಲಿ ಎಸ್ಕೇಪ್ ಅಥವಾ ಎಫ್8. ಏಸರ್‌ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್12 ಕೆಲಸ ಮಾಡಬೇಕಾದರೆ ಎಫ್2 ಒತ್ತಿ ಬಯಾಸ್‌ಗೆ ಹೋಗಿ ಅದನ್ನು ಮೊದಲು ಎನೇಬಲ್ ಮಾಡಬೇಕು. ಕಂಪನಿ ಲಾಂಛನ ಮೂಡುವಾಗ ಸ್ಕ್ರೀನಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಯಾವ ಕೀ ಎಂದು ಬರೆದಿರುತ್ತದೆ, ಅದನ್ನೇ ನೋಡಿಕೊಂಡರೆ ಎಲ್ಲಕ್ಕಿಂತ ಒಳ್ಳೆಯದು.

ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು, ಒಂದರ ಹಿಂದೆ ಯುಇಎಫ್ಐ ಎಂದಿರುತ್ತದೆ. ಮೊದಲ ಹಂತದಲ್ಲಿ ಬರೆದುಕೊಂಡ ಕಾಗದ ತೆಗೆಯಿರಿ. ಬಯಾಸ್ ಮೋಡ್ ಯುಇಎಫ್ಐ ಎಂದಿದ್ದರೆ ಅದನ್ನೇ ಆರಿಸಿ, ಲೆಗಸಿ ಎಂದಿದ್ದರೆ ಇನ್ನೊಂದನ್ನು.

ಆಮೇಲೆ ಬರುವ ಮಿಂಟ್ ಮೆನುವಿನಲ್ಲಿ ಮೊದಲ ಸಾಲನ್ನೇ ಒತ್ತಿ. ಸ್ಕ್ರೀನ್ ಕಪ್ಪಾಗಿ ಹಾಗೇ ಉಳಿದರೆ, ಅಥವಾ ಗೀರುಗೀರಾಗಿ ಕಂಡರೆ, ಪವರ್ ಬಟನ್ ಹಿಡಿದು ಆಫ್ ಮಾಡಿ ಮತ್ತೆ ಬೂಟ್ ಮಾಡಿ 'ಕಂಪ್ಯಾಟಿಬಿಲಿಟಿ ಮೋಡ್' ಎಂಬ ಸಾಲನ್ನು ಆರಿಸಿ. ಹಳೆಯ ಎನ್‌ವಿಡಿಯಾ ಕಾರ್ಡ್ ಇರುವ ಯಂತ್ರಗಳಲ್ಲಿ ಹೀಗಾಗುವುದುಂಟು. ಗಾಬರಿ ಬೇಡ.

ಹಂತ 7: ಇನ್‌ಸ್ಟಾಲ್‌ಗೆ ಮುಂಚೆ ಬಳಸಿ ನೋಡಿ

ಈಗ ನಿಮ್ಮ ಮುಂದೆ ಪೂರ್ತಿ ಡೆಸ್ಕ್‌ಟಾಪ್ ಇದೆ, ಆದರೆ ಹಾರ್ಡ್‌ಡಿಸ್ಕ್‌ಗೆ ಏನೂ ಆಗಿಲ್ಲ. ಎಲ್ಲವೂ ಪೆನ್‌ಡ್ರೈವ್ ಮತ್ತು ರ್ಯಾಮ್‌ನಲ್ಲೇ ಓಡುತ್ತಿದೆ. ಇದನ್ನು ಲೈವ್ ಸೆಷನ್ ಎನ್ನುತ್ತಾರೆ. ಲಿನಕ್ಸ್‌ನ ಅತ್ಯಂತ ಉದಾರವಾದ ಗುಣ ಇದೇ ಎಂದು ನನಗನ್ನಿಸುತ್ತದೆ: ಏನನ್ನೂ ಕಳೆದುಕೊಳ್ಳದೆ, ನಿಮ್ಮದೇ ಯಂತ್ರದಲ್ಲಿ, ಎಲ್ಲವನ್ನೂ ಪರೀಕ್ಷಿಸಿ ಆಮೇಲೆ ತೀರ್ಮಾನಿಸಬಹುದು. ಅವಸರಪಟ್ಟು ಇನ್‌ಸ್ಟಾಲ್ ಚಿಹ್ನೆ ಒತ್ತಬೇಡಿ. ಒಂದು ಗಂಟೆ ಇಲ್ಲೇ ಕಳೆಯಿರಿ.

ಮೊದಲು ವೈ-ಫೈ. ಕೆಳಗಿನ ಪಟ್ಟಿಯ ಬಲತುದಿಯಲ್ಲಿ ನೆಟ್‌ವರ್ಕ್ ಚಿಹ್ನೆ ಒತ್ತಿದರೆ ನಿಮ್ಮ ವೈ-ಫೈ ಹೆಸರು ಕಾಣಬೇಕು. ಕಾಣದಿದ್ದರೆ ನಿಮ್ಮದು ಬಹುಶಃ ಬ್ರಾಡ್‌ಕಾಮ್ ಚಿಪ್. ಅದರ ಕೆಲವು ಮಾದರಿಗಳಿಗೆ ಡ್ರೈವರ್ ಪ್ರತ್ಯೇಕವಾಗಿ ಹಾಕಬೇಕಾಗುತ್ತದೆ. ಅಲ್ಲಿಯವರೆಗೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಬೇರೇನೂ ಮಾಡಬೇಕಿಲ್ಲ, ಇಂಟರ್ನೆಟ್ ಬಂದುಬಿಡುತ್ತದೆ. ಆಮೇಲೆ ಒಂದು ವಿಡಿಯೋ ಹಾಕಿ ಸದ್ದು ಕೇಳಿ, ಹೆಡ್‌ಫೋನ್ ಚುಚ್ಚಿ ತೆಗೆಯಿರಿ. ಲ್ಯಾಪ್‌ಟಾಪ್ ಆದರೆ ಬೆಳಕು ಹೆಚ್ಚುಕಡಿಮೆ ಮಾಡುವ ಕೀ, ಟಚ್‌ಪ್ಯಾಡ್, ಕ್ಯಾಮೆರಾ ನೋಡಿ. ಮುಚ್ಚಳ ಮುಚ್ಚಿ ಒಂದು ನಿಮಿಷ ಬಿಟ್ಟು ತೆರೆಯಿರಿ. ನಿದ್ದೆಯಿಂದ ಏಳದಿರುವುದು ಹಳೆಯ ಲ್ಯಾಪ್‌ಟಾಪ್‌ಗಳ ಸಾಮಾನ್ಯ ಕಾಯಿಲೆ. ಪ್ರಿಂಟರ್ ಇದ್ದರೆ ಅದನ್ನೂ ಜೋಡಿಸಿ ಒಂದು ಪುಟ ತೆಗೆಯಿರಿ.

ಪೆನ್‌ಡ್ರೈವ್‌ನಿಂದ ಓಡುವಾಗ ಎಲ್ಲ ತುಸು ನಿಧಾನ. ಇನ್‌ಸ್ಟಾಲ್ ಆದಮೇಲೆ ಇದಕ್ಕಿಂತ ಚುರುಕಾಗಿರುತ್ತದೆ.

ಹಂತ 8: ಇನ್‌ಸ್ಟಾಲ್

ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿಕೊಳ್ಳಿ. ಡೆಸ್ಕ್‌ಟಾಪ್ ಮೇಲಿನ 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ಚಿಹ್ನೆಯನ್ನು ಎರಡು ಸಲ ಒತ್ತಿ. ಭಾಷೆ, ಕೀಬೋರ್ಡ್ ಕೇಳುತ್ತದೆ. 'ಇನ್‌ಸ್ಟಾಲ್ ಮಲ್ಟಿಮೀಡಿಯಾ ಕೋಡೆಕ್ಸ್' ಎಂಬ ಚೌಕಕ್ಕೆ ಗುರುತು ಹಾಕಿ, ಇಲ್ಲದಿದ್ದರೆ ಆಮೇಲೆ ಕೆಲವು ವಿಡಿಯೋಗಳು ಓಡುವುದಿಲ್ಲ. ಸೆಕ್ಯೂರ್ ಬೂಟ್ ಇರುವ ಯಂತ್ರವಾದರೆ ಇಲ್ಲೊಂದು ಪಾಸ್‌ವರ್ಡ್ ಕೇಳಬಹುದು. ಮುಂದಿನ ಸಲ ಬೂಟ್ ಆಗುವಾಗ ಒಮ್ಮೆ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಮುಂದಿನ ಪುಟವೇ ನಿರ್ಣಾಯಕ. ಎಲ್ಲಿ ಹಾಕಬೇಕು ಎಂದು ಕೇಳುತ್ತದೆ.

'ಇರೇಸ್ ಡಿಸ್ಕ್' ಎಂದರೆ ಡಿಸ್ಕ್ ಪೂರ್ತಿ ಅಳಿಸಿ ಲಿನಕ್ಸ್ ಒಂದನ್ನೇ ಹಾಕುವುದು. ಪಾರ್ಟಿಶನ್‌ಗಳನ್ನು (ಡಿಸ್ಕಿನ ಭಾಗಗಳನ್ನು) ಅದೇ ಮಾಡಿಕೊಳ್ಳುತ್ತದೆ, ನೀವು ತಲೆಹಾಕಬೇಕಿಲ್ಲ. ಬ್ಯಾಕಪ್ ಕೈಯಲ್ಲಿದ್ದು, ವಿಂಡೋಸ್ ಅಗತ್ಯ ಇಲ್ಲವೆಂದಾದರೆ ಇದನ್ನೇ ಆರಿಸಿ. ಒಂದಕ್ಕಿಂತ ಹೆಚ್ಚು ಡಿಸ್ಕ್ ಇದ್ದರೆ ಯಾವುದು ಅಳಿಸಿಹೋಗುತ್ತಿದೆ ಎಂಬುದನ್ನು ಅದರ ಗಾತ್ರ ನೋಡಿ ಖಾತ್ರಿ ಮಾಡಿಕೊಳ್ಳಿ. ಇನ್ನೂ ಸುಲಭದ ಉಪಾಯ, ಬೇಡದ ಡಿಸ್ಕಿನ ಕೇಬಲ್ಲನ್ನು ಮೊದಲೇ ಕಳಚಿಡುವುದು.

'ಅಲಾಂಗ್‌ಸೈಡ್' ಎಂದಿರುವುದು ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವುದು. ಆನ್ ಮಾಡಿದಾಗ ಯಾವುದು ಬೇಕೆಂದು ಮೆನು ಬರುತ್ತದೆ. ಇದಕ್ಕೆ ಹೋಗುವ ಮುಂಚೆ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿರಬೇಕು, ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ಅದರ ರಿಕವರಿ ಕೀ ಕೈಯಲ್ಲಿರಬೇಕು, ಡಿಸ್ಕಿನಲ್ಲಿ ಸಾಕಷ್ಟು ಜಾಗ ಖಾಲಿಯಿರಬೇಕು. ಹಳೆಯ, ಚಿಕ್ಕ ಡಿಸ್ಕಿನ ಕಂಪ್ಯೂಟರ್‌ಗೆ ಇದನ್ನು ನಾನು ಹೇಳುವುದಿಲ್ಲ. ಎರಡಕ್ಕೂ ಜಾಗ ಸಾಲದೆ ಎರಡೂ ಒದ್ದಾಡುತ್ತವೆ. ವಿಂಡೋಸ್ ಬೇಕೇಬೇಕು ಎಂದಿದ್ದರೆ ಮೇಲೆ ಹೇಳಿದ ಹಾಗೆ ಲಿನಕ್ಸ್‌ಗೆ ಬೇರೆ ಎಸ್‌ಎಸ್‌ಡಿ ಕೊಡಿ.

'ಸಮ್‌ಥಿಂಗ್ ಎಲ್ಸ್' ಎಂಬುದು ಪಾರ್ಟಿಶನ್‌ಗಳನ್ನು ಕೈಯಾರೆ ಮಾಡಿಕೊಳ್ಳುವವರಿಗೆ. ಮೊದಲ ಸಲ ಅದರ ತಂಟೆಗೆ ಹೋಗಬೇಡಿ.

'ಇನ್‌ಸ್ಟಾಲ್ ನೌ' ಒತ್ತಿದ ಮೇಲೆ ಏನೇನು ಬದಲಾಗಲಿದೆ ಎಂಬ ಪಟ್ಟಿ ಬರುತ್ತದೆ. ವಾಪಸ್ ಹೋಗಲು ಇದೇ ಕೊನೆಯ ಅವಕಾಶ, ಓದಿ ಒಪ್ಪಿಕೊಳ್ಳಿ. ನಂತರ ಊರಿನ ಸಮಯ, ನಿಮ್ಮ ಹೆಸರು, ಪಾಸ್‌ವರ್ಡ್. ಈ ಪಾಸ್‌ವರ್ಡ್ ಮುಂದೆ ಪ್ರತಿ ಸಲ ಏನಾದರೂ ಇನ್‌ಸ್ಟಾಲ್ ಮಾಡುವಾಗ ಬೇಕಾಗುತ್ತದೆ. ಫೈಲ್‌ಗಳ ನಕಲು ಮುಗಿದು ರೀಸ್ಟಾರ್ಟ್ ಎಂದಾಗ ಒಪ್ಪಿ, ಪೆನ್‌ಡ್ರೈವ್ ತೆಗೆಯಲು ಹೇಳಿದಾಗ ತೆಗೆದು ಎಂಟರ್ ಒತ್ತಿ.

ಹಂತ 9: ಮೊದಲ ದಿನ ಮಾಡಬೇಕಾದ್ದು

ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲ ಅಪ್‌ಡೇಟ್ ಹಾಕಿ. ನಿಧಾನ ಎನಿಸಿದರೆ ಸಾಫ್ಟ್‌ವೇರ್ ಸೋರ್ಸಸ್‌ಗೆ ಹೋಗಿ ನಿಮಗೆ ವೇಗವಾಗಿ ಸಿಗುವ ಮಿರರ್ (ಅಪ್‌ಡೇಟ್‌ಗಳ ನಕಲು ಇಟ್ಟಿರುವ ಸರ್ವರ್) ಆರಿಸಿಕೊಳ್ಳಿ. ಆಮೇಲೆ ಡ್ರೈವರ್ ಮ್ಯಾನೇಜರ್. ಬ್ರಾಡ್‌ಕಾಮ್ ವೈ-ಫೈ ಇದ್ದರೆ, ಗ್ರಾಫಿಕ್ಸ್ ಕಾರ್ಡ್‌ಗೆ ಬೇರೆ ಡ್ರೈವರ್ ಇದ್ದರೆ ಅಲ್ಲೇ ತೋರಿಸುತ್ತದೆ. ಏನೂ ತೋರಿಸದಿದ್ದರೆ ಎಲ್ಲ ಸರಿಯಿದೆ ಎಂದೇ ಅರ್ಥ. ಇಂಟೆಲ್ ಗ್ರಾಫಿಕ್ಸ್‌ಗೆ ಬೇಕಾದ್ದೆಲ್ಲ ಕರ್ನೆಲ್ ಜೊತೆಗೇ ಬಂದಿರುತ್ತದೆ.

ಮೂರನೆಯದು ಟೈಮ್‌ಶಿಫ್ಟ್. ಇದು ಸಿಸ್ಟಂನ ಈಗಿನ ಸ್ಥಿತಿಯನ್ನು ತೆಗೆದಿಡುತ್ತದೆ. ಮುಂದೆ ಯಾವುದೋ ಅಪ್‌ಡೇಟ್ ಎಡವಟ್ಟು ಮಾಡಿದರೆ ಆ ಸ್ಥಿತಿಗೆ ಮರಳಬಹುದು. ಆರ್‌ಸಿಂಕ್ ಎಂಬ ವಿಧಾನ ಆರಿಸಿ, ಚಿಕ್ಕ ಡಿಸ್ಕ್ ಆದರೆ ಎರಡು ಪ್ರತಿ ಮಾತ್ರ ಇಟ್ಟುಕೊಳ್ಳುವಂತೆ ಹೊಂದಿಸಿ. ನಿಮ್ಮ ಫೋಟೋ, ಬರಹಗಳನ್ನು ಇದು ಉಳಿಸುವುದಿಲ್ಲ, ಅವಕ್ಕೆ ಬೇರೆ ಬ್ಯಾಕಪ್ ಬೇಕೇ ಬೇಕು.

ಕನ್ನಡದಲ್ಲಿ ಬರೆಯಲು ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ತೆರೆದು ಲೇಔಟ್ ಎಂಬಲ್ಲಿ 'ಯೂಸ್ ಸಿಸ್ಟಂ ಡಿಫಾಲ್ಟ್ಸ್' ಗುರುತು ತೆಗೆಯಿರಿ. ಭಾರತೀಯ ಲೇಔಟ್‌ಗಳ ಕೆಳಗೆ ಇನ್‌ಸ್ಕ್ರಿಪ್ಟ್ ಕನ್ನಡವೂ ಇದೆ, ಕಗಪ ಎಂಬುದೂ ಇದೆ. ಎರಡರಲ್ಲಿ ಬೇಕಾದ್ದು ಸೇರಿಸಿ, ಇಂಗ್ಲಿಷ್‌ನಿಂದ ಬದಲಾಯಿಸಲು ಒಂದು ಕೀ ಜೋಡಿ ಗೊತ್ತುಮಾಡಿ. ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳು ಮಾತ್ರ ಇಲ್ಲಿ ಇಂಗ್ಲಿಷ್ ಗೀಚಿದಂತೆ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಕೆಲಸವನ್ನು ವಿಂಡೋಸ್ ಇರುವಾಗಲೇ ಮುಗಿಸಿಕೊಂಡರೆ ಒಳಿತು.

ಹಗುರವಾಗಿ ಓಡಿಸುವುದು

ಸಿಸ್ಟಂ ಎಷ್ಟೇ ಹಗುರವಿದ್ದರೂ ಇಂದಿನ ವೆಬ್‌ಸೈಟ್‌ಗಳು ಭಾರವೇ. ರ್ಯಾಮ್ ತಿನ್ನುವುದು ಬ್ರೌಸರ್, ಅದರಲ್ಲೂ ತೆರೆದಿಟ್ಟ ಟ್ಯಾಬ್‌ಗಳು. ಫೈರ್‌ಫಾಕ್ಸ್‌ಗೆ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಸೇರಿಸಿ. ಜಾಹೀರಾತು ಹೋದರೆ ಪುಟದ ಅರ್ಧ ಭಾರ ಹೋದಂತೆ ಎನಿಸುತ್ತದೆ. ವಿಡಿಯೋ ತಡೆದು ತಡೆದು ಓಡಿದರೆ 480ಪಿಗೆ ಇಳಿಸಿ. ಸೆಟ್ಟಿಂಗ್ಸ್‌ನ 'ಸೆಷನ್ ಅಂಡ್ ಸ್ಟಾರ್ಟಪ್'ನಲ್ಲಿ ಬೇಡದ್ದರ ಗುರುತು ತೆಗೆಯಿರಿ, ಉದಾಹರಣೆಗೆ ಬ್ಲೂಟೂತ್ ಇಲ್ಲದ ಯಂತ್ರದಲ್ಲಿ ಬ್ಲೂಟೂತ್. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಒಂದೇ ಪ್ರೋಗ್ರಾಂ ಸಿಸ್ಟಂ ಪ್ಯಾಕೇಜ್ ಆಗಿಯೂ ಫ್ಲ್ಯಾಟ್‌ಪ್ಯಾಕ್ (ತನಗೆ ಬೇಕಾದ್ದನ್ನೆಲ್ಲ ಜೊತೆಗೇ ತರುವ ಪ್ಯಾಕೇಜ್) ಆಗಿಯೂ ಸಿಕ್ಕರೆ ಚಿಕ್ಕ ಡಿಸ್ಕಿನವರು ಸಿಸ್ಟಂ ಪ್ಯಾಕೇಜನ್ನೇ ಹಾಕಿ, ಜಾಗ ಬಹಳ ಉಳಿಯುತ್ತದೆ. ರ್ಯಾಮ್ 4 ಜಿಬಿ ಅಥವಾ ಕಡಿಮೆಯಿದ್ದರೆ ಝಡ್‌ರ್ಯಾಮ್ ಪ್ಯಾಕೇಜ್ ಹುಡುಕಿ ಹಾಕಿ. ಅದು ರ್ಯಾಮ್‌ನಲ್ಲಿರುವುದನ್ನು ಹಿಂಡಿ ಚಿಕ್ಕದಾಗಿಸಿ ಜಾಗ ಮಾಡಿಕೊಡುತ್ತದೆ.

ತೊಂದರೆ ಬಂದರೆ

ಇನ್‌ಸ್ಟಾಲ್ ಮುಗಿದು ರೀಸ್ಟಾರ್ಟ್ ಮಾಡಿದಾಗ 'ಬೂಟ್ ಡಿವೈಸ್ ಇಲ್ಲ' ಎಂದು ಬಂದರೆ, ಪೆನ್‌ಡ್ರೈವ್ ಒಂದು ಮೋಡ್‌ನಲ್ಲಿ ಬೂಟ್ ಆಗಿ ಬಯಾಸ್ ಇನ್ನೊಂದಕ್ಕೆ ಹೊಂದಿಸಿದೆಯೇ ಎಂದು ಮೊದಲು ನೋಡಿ. ಅದು ಸರಿಯಿದ್ದೂ ಆಗದಿದ್ದರೆ ಮತ್ತೆ ಪೆನ್‌ಡ್ರೈವ್‌ನಿಂದ ಲೈವ್ ಸೆಷನ್‌ಗೆ ಬನ್ನಿ. ಮೆನುವಿನಲ್ಲಿ ಬೂಟ್ ರಿಪೇರ್ ಎಂಬುದಿದೆ, ಅದರ ಶಿಫಾರಸು ಮಾಡಿದ ರಿಪೇರಿ ಒತ್ತಿದರೆ ಹೆಚ್ಚಿನ ಸಂದರ್ಭಗಳಲ್ಲಿ ಸರಿಹೋಗುತ್ತದೆ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಸಾಟಾ ಮೋಡ್ (ಡಿಸ್ಕ್ ಜೋಡಣೆಯ ಬಗೆ) ರೇಡ್ ಎಂದಿರಬಹುದು, ಎಎಚ್‌ಸಿಐ ಮಾಡಿ. ವಿಂಡೋಸ್ ಉಳಿಸಿಕೊಳ್ಳುವವರು ಮಾತ್ರ ಇದನ್ನು ಸುಮ್ಮನೆ ಬದಲಾಯಿಸಬಾರದು, ವಿಂಡೋಸ್ ಬೂಟ್ ಆಗದೇ ಹೋಗಬಹುದು.

ಯಾವಾಗೆಂದರೆ ಆವಾಗ ಕಂಪ್ಯೂಟರ್ ಸ್ತಬ್ಧವಾಗುತ್ತಿದ್ದರೆ ಸಾಫ್ಟ್‌ವೇರ್ ಮೇಲೆ ಗೂಬೆ ಕೂರಿಸುವ ಮುಂಚೆ ಒಳಗಿನ ಧೂಳು ತೆಗೆಯಿರಿ, ಫ್ಯಾನ್ ತಿರುಗುತ್ತಿದೆಯೇ ನೋಡಿ, ರ್ಯಾಮ್ ಕಳಚಿ ಮತ್ತೆ ಗಟ್ಟಿಯಾಗಿ ಕೂರಿಸಿ. ಪೆನ್‌ಡ್ರೈವ್‌ನ ಬೂಟ್ ಮೆನುವಿನಲ್ಲಿ ಮೆಮೊರಿ ಟೆಸ್ಟ್ ಎಂಬ ಸಾಲಿದ್ದರೆ ಅದನ್ನು ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ ರ್ಯಾಮ್ ಕೆಟ್ಟಿದೆ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ ಕೆಟ್ಟದ್ದನ್ನು ಮಾತ್ರ ಬದಲಾಯಿಸಿ.

ನೆರವು ಕೇಳುವಾಗ 'ಕೆಲಸ ಮಾಡುತ್ತಿಲ್ಲ' ಎಂದಷ್ಟೇ ಬರೆದರೆ ಯಾರಿಗೂ ಉತ್ತರಿಸಲಾಗದು. ಮಿಂಟ್‌ನ ಮೆನುವಿನಲ್ಲಿ ಸಿಸ್ಟಂ ಇನ್ಫರ್ಮೇಶನ್ ತೆರೆದು ಅದರಲ್ಲಿರುವುದನ್ನು ನಕಲಿಸಿ, ಏನು ಮಾಡಿದಿರಿ, ಪರದೆಯ ಮೇಲೆ ಯಾವ ಪದಗಳು ಬಂದವು ಎಂದು ಅಕ್ಷರಶಃ ಬರೆದು ಕೇಳಿ. ಹೀಗೆ ಕೇಳಿದವರಿಗೆ ಲಿನಕ್ಸ್ ಬಳಗದಲ್ಲಿ ತಾಳ್ಮೆಯಿಂದ ಹೇಳಿಕೊಡುವವರು ಸಿಕ್ಕೇ ಸಿಗುತ್ತಾರೆ.